1823ರ ಶಾಲಾ ಪಟ್ಟಿಯಲ್ಲಿ ಬಳ್ಳಾರಿಯ ಮುಸ್ಲಿಂ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮೊಹಲ್ಲಾಗಳಲ್ಲಿ ಶೇಕಡಾವಾರು ಲೆಕ್ಕದ್ದೇ ಮಾತು. ಉರ್ದು ಶಾಲೆಗೆ ಎಷ್ಟು ಬಂತು, ಕನ್ನಡ ಶಾಲೆಗೆ ಎಷ್ಟು, ಹುಡುಗಿಯರು ಎಷ್ಟು ಮುಂದೆ ಎಂದು ಚರ್ಚೆ ನಡೆಯುತ್ತದೆ. ಶಾಲೆಗಳಲ್ಲಿ ಯಾರ ಮಕ್ಕಳು ಎಷ್ಟಿದ್ದಾರೆ ಎಂದು ಎಣಿಸುವ ಕೆಲಸ ನಮ್ಮ ಜಿಲ್ಲೆಯಲ್ಲಿ ಇನ್ನೂರು ವರ್ಷಗಳ ಹಿಂದೆಯೇ ನಡೆದಿತ್ತು ಎಂಬುದು ಓದುಗರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಆ ಪಟ್ಟಿಯಲ್ಲಿ ಮುಸ್ಲಿಂ ಮಕ್ಕಳ ಲೆಕ್ಕವೂ ಪ್ರತ್ಯೇಕವಾಗಿ ಇದೆ. ಅಲ್ಲಿರುವ ಸಂಖ್ಯೆ 243.

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಮೊದಲ ಏಳು ವರ್ಷ ಇಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ 1820ರಲ್ಲಿ ಮದರಾಸಿನ ಗವರ್ನರ್ ಆದರು. 1822ರ ಜೂನ್‌ನಲ್ಲಿ ಅವರು ಪ್ರತಿ ಜಿಲ್ಲೆಯಿಂದ ಶಾಲೆಗಳ ವಿವರ ಕೇಳಿದರು. ಕೆನರಾ ಜಿಲ್ಲೆಯಿಂದ ಪಟ್ಟಿಯೇ ಹೋಗಲಿಲ್ಲ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ (ತೆಲುಗು ವ್ಯಾಕರಣ ಬರೆದವರೂ ಇವರೇ) 1823ರ ಆಗಸ್ಟ್ 17ರಂದು ಅಂಕಿಗಳ ಜೊತೆಗೆ ಶಾಲೆಯೊಳಗಿನ ಬದುಕನ್ನೂ ವಿವರಿಸಿ ದೀರ್ಘ ಪತ್ರ ಬರೆದರು. ಧರಂಪಾಲ್ ಅವರು 1983ರಲ್ಲಿ ಈ ವರದಿಗಳನ್ನು ಪುಸ್ತಕವಾಗಿ ಹೊರತಂದ ಮೇಲೆ ಅದು ಸಾಮಾನ್ಯ ಓದುಗರ ಕೈಗೂ ಸಿಕ್ಕಿತು.

ಆಗಿನ ಬಳ್ಳಾರಿ ಜಿಲ್ಲೆ ಈಗಿನದಲ್ಲ. ಆದೋನಿ, ರಾಯದುರ್ಗ, ಅನಂತಪುರಗಳೆಲ್ಲ ಅದರಲ್ಲಿದ್ದವು. ನಮ್ಮ ಸಿರುಗುಪ್ಪ, ಕುರುಗೋಡುಗಳೂ ಆ ಮೊತ್ತದೊಳಗೇ ಸೇರಿವೆ. ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ 23, ಫಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಮೀಸಲಾದ ಸಂಸ್ಕೃತ ಪಾಠಶಾಲೆಗಳು. ಒಟ್ಟು ವಿದ್ಯಾರ್ಥಿಗಳು 6,641. ಬ್ರಾಹ್ಮಣ ಹುಡುಗರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174. ಆಗಿನ ಶಾಲೆಗಳಲ್ಲಿ ಮೇಲ್ಜಾತಿಯವರೇ ತುಂಬಿದ್ದರು ಎಂದು ನಂಬಿದವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಹುಡುಗಿಯರು ಕೇವಲ 60. ಅಷ್ಟೂ ಮಂದಿ ಹಿಂದೂಗಳು. ಮುಸ್ಲಿಂ ಹುಡುಗಿ ಒಬ್ಬಳೂ ಇಲ್ಲ.

243 ಎಂದರೆ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಇದನ್ನು ನೋಡಿ ಸಮುದಾಯ ಆಗಲೂ ಓದಿಗೆ ಬೆನ್ನು ತಿರುಗಿಸಿತ್ತು ಎಂದು ತೀರ್ಪು ಕೊಡುವುದು ಸುಲಭ. ನಮ್ಮ ವೇದಿಕೆಗಳಲ್ಲಿ ಅಂಥ ತೀರ್ಪು ಕೊಡುವವರಿಗೆ ಕೊರತೆಯೂ ಇಲ್ಲ. ಆದರೆ 1826ರಲ್ಲಿ ಮನ್ರೋ ಅವರೇ ಮದರಾಸು ಪ್ರಾಂತ್ಯದ ಮುಸ್ಲಿಮರು ಹಿಂದೂಗಳ ಇಪ್ಪತ್ತನೇ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದು ಅಂದಾಜಿಸಿದ್ದರು. ಆ ಲೆಕ್ಕಕ್ಕೆ ಹೋಲಿಸಿದರೆ ಕೊರತೆ ಇದೆ, ಕಂದಕವಿಲ್ಲ. ಆದೋನಿಯಂಥ ಊರುಗಳಿದ್ದ ನಮ್ಮ ಜಿಲ್ಲೆಯಲ್ಲಿ ಮುಸ್ಲಿಮರ ಪಾಲು ಸ್ವಲ್ಪ ಹೆಚ್ಚಿದ್ದಿರಬಹುದು ಎಂದುಕೊಂಡರೂ ಹೀಗೆಯೇ ಹೇಳಬೇಕಾಗುತ್ತದೆ. ಇನ್ನೊಂದು ಮಾತು. ಈ ಪಟ್ಟಿ ಶಾಲೆಗಳನ್ನು ಎಣಿಸಿತೇ ಹೊರತು ಮನೆಯ ಕಲಿಕೆಯನ್ನಲ್ಲ. ಮದರಾಸು ನಗರದಲ್ಲಿ ಮನೆಯಲ್ಲಿ ಕಲಿಯುವವರನ್ನೂ ಎಣಿಸಿದಾಗ ಅವರು ಶಾಲೆಗೆ ಹೋಗುವವರ ಹೆಚ್ಚುಕಡಿಮೆ ಐದು ಪಟ್ಟು ಇದ್ದರು. ಮನೆಯಂಗಳದಲ್ಲಿ ಹಿರಿಯ ಹೆಂಗಸರ ಮುಂದೆ ಕೂತು ಕುರ್‌ಆನ್ ಓದಲು ಕಲಿತ ಹುಡುಗಿಗೆ ಕಲೆಕ್ಟರರ ಪಟ್ಟಿಯಲ್ಲಿ ಜಾಗವಿರಲಿಲ್ಲ.

ನಿಜವಾಗಿ ಕಳವಳ ಹುಟ್ಟಿಸುವ ಅಂಕಿ ಬೇರೆ. ಇಡೀ ಪ್ರಾಂತ್ಯದ 1,28,50,941 ಜನರಿಗೆ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಅಂದರೆ ಸಾವಿರ ಜನರಲ್ಲಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಶಾಲೆಯಲ್ಲಿದ್ದರು. ಬಳ್ಳಾರಿಯಲ್ಲಿ ಸಾವಿರಕ್ಕೆ ಏಳು, ಸರಿಸುಮಾರು ಅರ್ಧ! ಈ ಹಿನ್ನಡೆ ಯಾವುದೋ ಒಂದು ಧರ್ಮದ ಹಣೆಬರಹವಲ್ಲ, ಸೀಮೆಯದು.

ಕಾರಣವನ್ನು ಕ್ಯಾಂಪ್‌ಬೆಲ್ ಮುಚ್ಚಿಡಲಿಲ್ಲ. ವಿಲಾಯಿತಿ ಬಟ್ಟೆ ಬಂದು ಇಲ್ಲಿನ ನೂಲು, ನೇಯ್ಗೆಯವರ ದುಡಿಮೆ ಕುಸಿದಿತ್ತು. ತಂದೆತಾಯಿಗಳಿಗೆ ತಿಂಗಳ ಕಾಲು ರೂಪಾಯಿ, ಅರ್ಧ ರೂಪಾಯಿ ಶುಲ್ಕವೂ ಭಾರವಾಗಿತ್ತು. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಬರೆಯಲು ತಮಗೆ ನಾಚಿಕೆಯಾಗುತ್ತದೆ ಎಂದೂ ಅವರು ತಿಳಿಸಿದರು. ಹತ್ತಿಯ ಕಸುಬನ್ನೇ ನೆಚ್ಚಿದ್ದ ನಮ್ಮ ಪಿಂಜಾರರ ಮನೆಗಳನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ.

ಶಾಲೆಯ ಒಳಗೆ ಬನ್ನಿ. ಬೆಳಿಗ್ಗೆ ಆರಕ್ಕೇ ಪಾಠ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ಆಮೇಲೆ ಬಂದ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ಈ ಪದ್ಧತಿಯನ್ನು ಇಂಗ್ಲೆಂಡು ನಕಲು ಮಾಡಿದ್ದು ಸರಿಯೇ ಎಂದು ಕ್ಯಾಂಪ್‌ಬೆಲ್ ಮೆಚ್ಚಿಕೊಂಡರು. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಇದನ್ನು ಪ್ರಯೋಗಿಸಿದ ಆಂಡ್ರೂ ಬೆಲ್ 1797ರಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಆದರೆ ಮಕ್ಕಳು ಅರ್ಥ ತಿಳಿಯದೆ ಗಿಣಿಯಂತೆ ಪದ್ಯ ಒಪ್ಪಿಸುತ್ತಾರೆ ಎಂಬ ದೂರೂ ಅದೇ ಪತ್ರದಲ್ಲಿದೆ. ಈ ದೂರನ್ನು ಈಚೆಗೂ ಎಲ್ಲೋ ಕೇಳಿದ್ದೀರಲ್ಲವೇ?

ಪ್ರತಿ ಜಿಲ್ಲೆಗೆ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ದೊಡ್ಡ ಶಾಲೆ ತೆರೆಯಬೇಕೆಂದು ಮನ್ರೋ ಸಲಹೆ ಮಾಡಿದರು. 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. 1882ರ ಹಂಟರ್ ಆಯೋಗ ಮುಸ್ಲಿಮರ ಶಿಕ್ಷಣಕ್ಕೆ ವಿಶೇಷ ನೆರವು ಬೇಕೆಂದು ಶಿಫಾರಸು ಮಾಡಿತು. 2006ರ ಸಾಚಾರ್ ಸಮಿತಿ ವರದಿಯಂತೆ ದೇಶದ 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಕಾಲು ಭಾಗ ಶಾಲೆಯನ್ನೇ ಕಂಡಿರಲಿಲ್ಲ ಅಥವಾ ನಡುವೆ ಬಿಟ್ಟಿದ್ದರು. ಮದರಸಾಗಳಲ್ಲಿ ಓದುತ್ತಿದ್ದವರು ನೂರಕ್ಕೆ ಮೂರ್ನಾಲ್ಕು ಮಂದಿ ಮಾತ್ರ. ಕರ್ನಾಟಕದ ಚಿತ್ರ ಬೇರೆಯಾಗಿತ್ತು. 2001ರ ಜನಗಣತಿಯಲ್ಲಿ ಇಲ್ಲಿನ ಮುಸ್ಲಿಮರ ಸಾಕ್ಷರತೆ ಶೇ. 70.1, ಇಡೀ ರಾಜ್ಯದ್ದು 66.6. ಅದೇ ವರ್ಷ ಬಳ್ಳಾರಿ ಜಿಲ್ಲೆಯ ಎಲ್ಲರದೂ ಸೇರಿ 57.4. 2011ರಲ್ಲಿ ಜಿಲ್ಲೆಯ ಗಂಡಸರದು 76.64, ಹೆಂಗಸರದು 58.09. 371ಜೆ ವಿಧಿಯಲ್ಲಿ ನಿಜಾಮರ ನಾಡಿನ ಜಿಲ್ಲೆಗಳ ಜೊತೆ ಬಳ್ಳಾರಿಯೂ ಸೇರಿದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಮುಂದಿರುವ ಪ್ರಶ್ನೆ, ಮಗು ಶಾಲೆಗೆ ಸೇರಿತೇ ಎಂಬುದಲ್ಲ, ಉಳಿಯಿತೇ ಎಂಬುದು. ಸಿರುಗುಪ್ಪ, ಕುರುಗೋಡು ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹಾಜರಿ ಪುಸ್ತಕ ನೋಡಿ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆಯ ಮನೆಗಳಲ್ಲಿ ಗುಂಡಿ ಹಚ್ಚುವ ಕೈಗಳ ವಯಸ್ಸು ಕೇಳಿ. ಉರ್ದು ಪ್ರಾಥಮಿಕ ಶಾಲೆ ಮುಗಿಸಿ ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಕಾಲಿಟ್ಟ ಮಗು ಮೊದಲ ಆರು ತಿಂಗಳು ಏನು ಅನುಭವಿಸುತ್ತದೆ ಎಂಬುದನ್ನು ಯಾವ ಶೇಕಡಾವಾರು ಫಲಿತಾಂಶವೂ ಹೇಳುವುದಿಲ್ಲ. ಬಿಟ್ಟುಹೋದ ಮಗು ಪರೀಕ್ಷೆಗೆ ಕೂರುವುದೇ ಇಲ್ಲವಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ತಮ್ಮ ಮೊಹಲ್ಲಾದ ಸರ್ಕಾರಿ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ ತಾವಿದ್ದರೆ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ದಾಖಲಾತಿ ಪುಸ್ತಕ ತೆಗೆಸಿ. ಏಳು ವರ್ಷಗಳ ಹಿಂದೆ ಒಂದನೇ ತರಗತಿಗೆ ಸೇರಿದ ಗಂಡು, ಹೆಣ್ಣು ಮಕ್ಕಳನ್ನು ಬೇರೆ ಬೇರೆಯಾಗಿ ಎಣಿಸಿ. ಅವರಲ್ಲಿ ಏಳನೇ ತರಗತಿ ಮುಗಿಸಿದವರೆಷ್ಟು, ವರ್ಗಾವಣೆ ಪತ್ರ ಪಡೆದು ಹೋದವರೆಷ್ಟು, ಪತ್ರವನ್ನೂ ಪಡೆಯದೆ ಮಾಯವಾದವರೆಷ್ಟು ಎಂದು ಮಕ್ಕಳ ಹೆಸರಿಲ್ಲದೆ ಸಂಖ್ಯೆಯಷ್ಟೇ ಬರೆದು ಕಳಿಸಿ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು, ಈ ಮೂರು ಕಡೆಯಿಂದ ಪಟ್ಟಿ ಬಂದರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಇದೇ ಪುಟಗಳಲ್ಲಿ ಅಚ್ಚು ಮಾಡಬಹುದು.