ಸುವಾರ್ತೆ

'ಸು' ಎಂದರೆ ಒಳ್ಳೆಯ, 'ವಾರ್ತೆ' ಎಂದರೆ ಸುದ್ದಿ. ಮೂಲ ಗ್ರೀಕ್ ಪದ 'ಯುವಾಂಗೇಲಿಯೊನ್' ಕೂಡ ಹೀಗೆಯೇ ಎರಡು ತುಂಡುಗಳ ಜೋಡಣೆ. ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಗ್ರಂಥಗಳಿಗೂ ಇದೇ ಹೆಸರು. ಕನ್ನಡ ಕಥೋಲಿಕರು 'ಶುಭಸಂದೇಶ' ಎನ್ನುತ್ತಾರೆ. ತಮಿಳು ಪ್ರಾಟೆಸ್ಟೆಂಟರ ಬಾಯಲ್ಲಿ ಅದು 'ಸುವಿಶೇಷಂ'. ಸುವಾರ್ತೆ, ಸುವಿಶೇಷಂ: ಮಾತು ಬೇರೆ, 'ಸು' ಒಂದೇ.

ಸುವಾರ್ತೆ ಸಾರುವವರು 'ಸುವಾರ್ತಿಕರು'. ಅಂಥವರಲ್ಲೊಬ್ಬರಾದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು; ಬೈಬಲ್ಲನ್ನು ಕನ್ನಡಕ್ಕೆ ತರಲು ದುಡಿದರು. 1834ರಲ್ಲಿ ಇದೇ ಕೆಲಸಕ್ಕೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಇವರಿಗೆಲ್ಲ ಬಹಳ ಹಿಂದೆಯೇ ಸಂತ ಪೌಲನು ಊರೂರು ತಿರುಗಿ ಕ್ರೈಸ್ತ ಸಭೆಗಳನ್ನು ಕಟ್ಟಿದ. ಮತ್ತೆ ಹೋಗಿ ಅವಕ್ಕೆ ಧೈರ್ಯವನ್ನೂ ತುಂಬಿದ. ಸುದ್ದಿ ಕುಳಿತಲ್ಲೇ ಹಬ್ಬುವುದಿಲ್ಲ, ಹೊತ್ತು ನಡೆಯುವ ಕಾಲುಗಳು ಬೇಕು. ಈ ಪದದ ಚೆಲುವು ಆ ನಡಿಗೆಯಲ್ಲಿದೆ.