ಮಗು ಕೃಷಿ ಹೊಂಡಕ್ಕೆ ಜಾರಿದರೆ ಕೂಗಿ ಹೇಳುವ ಪಟ್ಟಿ: ಹೇಗಿರಬೇಕು, ಕೊಳ್ಳುವಾಗ ಏನು ನೋಡಬೇಕು?

ಮೊಳಕಾಲ್ಮುರು: ಜಟಿಂಗ ರಾಮೇಶ್ವರ ಬೆಟ್ಟದ ಆಸುಪಾಸಿನ ಊರುಗಳು ಮಳೆಗಾಗಿ ಮುಗಿಲು ನೋಡುವ ಊರುಗಳು. ವರ್ಷಪೂರ್ತಿ ನೀರಿರುವ ಕೆರೆ, ಬಾವಿ ಕಡಿಮೆ. ಹಾಗಾಗಿ ಈಜು ಕಲಿತ ಮಕ್ಕಳೂ ಕಡಿಮೆ. ಆದರೆ ನೀರು ಬಂದರೆ ಒಮ್ಮೆಲೇ ಬರುತ್ತೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ವೇದಾವತಿ ತುಂಬಿ ಹರಿದಿದ್ದನ್ನು ಚಳ್ಳಕೆರೆ ತಾಲ್ಲೂಕಿನ ಜನ ಕಂಡಿದ್ದಾರೆ.

ಬರ ನೀಗಲೆಂದು 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಹೊಂಡಗಳು ಬಂದವು. ಸಾಮಾನ್ಯವಾಗಿ 3 ಮೀಟರ್ ಆಳ, ಇಳಿಜಾರು ಬದಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಒದ್ದೆಯಾದ ಹೊದಿಕೆ ಮೇಲೆ ಕಾಲು ನಿಲ್ಲಲ್ಲ. ಈಜು ಬಂದ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ತಾಯಿ ಶೇಂಗಾ ಕೀಳುತ್ತಿರುವಾಗ ಬದುವಿನಲ್ಲಿ ಆಡುವ ಮಗುವಿಗೆ ಇದೇ ದೊಡ್ಡ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸಿದಂತೆ ಕೂಗಲ್ಲ, ಸದ್ದಿಲ್ಲದೆ ಮುಳುಗುತ್ತೆ. ಆ ಸದ್ದನ್ನು ಮಗುವಿನ ಪರವಾಗಿ ಮಾಡುವುದೇ ಎಚ್ಚರಿಕೆ ಪಟ್ಟಿಯ ಕೆಲಸ.

ಪಟ್ಟಿ ಕೆಲಸ ಮಾಡುವುದು ಹೇಗೆ?

ವಿದೇಶದಲ್ಲಿ ಈಜುಕೊಳ ಇರುವ ಮನೆಗಳಿಗಾಗಿ ‘ಸೇಫ್ಟಿ ಟರ್ಟಲ್’ ಎಂಬ ಮಣಿಕಟ್ಟಿನ ಪಟ್ಟಿ ಇದೆ. ಅದು ನೀರಿಗೆ ಬಿದ್ದರೆ ಮನೆಯೊಳಗಿನ ಪೆಟ್ಟಿಗೆ ಕೂಗುತ್ತೆ. ತತ್ವ ಸರಳ: ಎರಡು ಲೋಹದ ಬಿಂದುಗಳ ನಡುವೆ ನೀರು ಸೇರಿದರೆ ವಿದ್ಯುತ್ ಹರಿದು ಸೂಚನೆ ಹೋಗುತ್ತೆ.

ನಮ್ಮ ಹೊಲಕ್ಕೆ ಇಷ್ಟೇ ಸಾಲದು. ಬ್ಲೂಟೂತ್ ತರಂಗವನ್ನು ನೀರು ಹೀರಿಕೊಳ್ಳುತ್ತೆ. ಪಟ್ಟಿ ಮುಳುಗಿದ ಮೇಲೆ ಅದರ ಸೂಚನೆ ಹೊರಗೆ ಬರದೇ ಹೋಗಬಹುದು. ಆದ್ದರಿಂದ ಲೆಕ್ಕ ತಿರುವುಮುರುವಾಗಬೇಕು. ಪಟ್ಟಿ ಪ್ರತಿ ಸೆಕೆಂಡಿಗೆ ‘ಇದ್ದೀನಿ’ ಅಂತ ಸೂಚನೆ ಕಳಿಸುತ್ತಿರಬೇಕು. ಆ ಸೂಚನೆ ಕೆಲವು ಸೆಕೆಂಡ್ ನಿಂತರೆ ತಾಯಿಯ ಬಳಿ ಇರುವ ಯಂತ್ರ ಕೂಗಬೇಕು. ಮಗು ದೂರ ಹೋದರೂ, ಬ್ಯಾಟರಿ ಮುಗಿದರೂ ಆಗ ಗೊತ್ತಾಗುತ್ತೆ.

ಕೊಳ್ಳುವವರು, ಮಾರುವವರು ಗಮನಿಸಬೇಕಾದ್ದು

* ಎಚ್ಚರಿಕೆ ಮೊಬೈಲ್ ಒಂದಕ್ಕೇ ಬರುವಂತಿರಬಾರದು. ಸೈಲೆಂಟ್‌ನಲ್ಲಿದ್ದರೆ, ಟವರ್ ಸಿಗದಿದ್ದರೆ ಪ್ರಯೋಜನ ಇಲ್ಲ. ಪಂಪ್‌ಸೆಟ್, ಟ್ರ್ಯಾಕ್ಟರ್ ಸದ್ದಿನಲ್ಲೂ ತಿಳಿಯುವಂತೆ ಕೂಗುವ, ನಡುಗುವ ಪ್ರತ್ಯೇಕ ಯಂತ್ರ ಬೇಕು.
* ಜಿಪಿಎಸ್ ಇದೆ ಅಂದ ಮಾತ್ರಕ್ಕೆ ನಂಬಬೇಡಿ. ನೀರಿನೊಳಗೆ ಅದು ಕೆಲಸ ಮಾಡಲ್ಲ.
* ಮಣಿಕಟ್ಟಿಗೆ ಕಟ್ಟಿದರೆ ಕೈ ತೊಳೆದಾಗಲೂ ಕೂಗಬಹುದು. ಉಡುದಾರಕ್ಕೆ ಸಿಕ್ಕಿಸಿದರೆ ಆ ಕಾಟ ಕಡಿಮೆ, ಆದರೆ ಸ್ನಾನಕ್ಕೆ ಬಿಚ್ಚಿದ್ದನ್ನು ಮತ್ತೆ ಹಾಕಲು ಮರೆಯಬಾರದು. ಸುಳ್ಳು ಕೂಗು ಹೆಚ್ಚಾದರೆ ಜನ ಯಂತ್ರವನ್ನೇ ಆರಿಸಿಬಿಡುತ್ತಾರೆ.
* ಕೊರಳಿಗೆ ಕಟ್ಟಲೇಬಾರದು. ಎಲ್ಲಿ ಕಟ್ಟಿದರೂ ಜೋರಾಗಿ ಎಳೆದರೆ ಬಿಟ್ಟುಕೊಳ್ಳುವ ಕೊಂಡಿ ಇರಲಿ.
* ಬಟನ್ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಮಗು ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತೆ.
* ವಾರಕ್ಕೊಮ್ಮೆ ಪರೀಕ್ಷೆ ಮಾಡಿ. ಬಿಂದಿಗೆಗೆ ಪಟ್ಟಿ ಕಟ್ಟಿ, ಹಗ್ಗದಿಂದ ಹೊಂಡಕ್ಕೆ ಇಳಿಸಿ, ಎಷ್ಟು ಸೆಕೆಂಡಿಗೆ ಕೂಗುತ್ತೆ ನೋಡಿ. ನಿಮ್ಮ ಹೊಲದ ಆ ತುದಿಯಲ್ಲಿ ನಿಂತು ಕೇಳಬೇಕು, ಅಂಗಡಿಯಲ್ಲಿ ಅಲ್ಲ.

ಪಟ್ಟಿಗಿಂತ ಮೊದಲು ಬೇಲಿ

ಪಟ್ಟಿ ಮಗುವನ್ನು ಎತ್ತಲ್ಲ, ಕೂಗುತ್ತೆ ಅಷ್ಟೆ. ಉಸಿರು ನಿಂತು 4ರಿಂದ 6 ನಿಮಿಷಕ್ಕೆ ಮೆದುಳಿಗೆ ಹಾನಿ ಶುರುವಾಗುತ್ತೆ. ಅಷ್ಟರೊಳಗೆ ಓಡಿ ಬರುವವರು ಇಲ್ಲದಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ. ಹೊಂಡದ ಸುತ್ತ ತಂತಿ ಬೇಲಿ ಹಾಕಿಸುವುದೇ ಮೊದಲ ಕೆಲಸ. ಕೃಷಿ ಭಾಗ್ಯದಲ್ಲಿ ಬೇಲಿಗೂ ಸಹಾಯಧನ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಹೊಂಡದ ದಡದಿಂದ ನೀರಿನವರೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟರೆ ಜಾರಿದವರು ಹಿಡಿದು ಹತ್ತಬಹುದು. ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್ ಹಗ್ಗಕ್ಕೆ ಕಟ್ಟಿಟ್ಟರೆ ಎಸೆಯಲು ತೇಲು ಸಿಕ್ಕಂತೆ. ಮನೆಯ ಸಂಪು, ಡ್ರಮ್ಮುಗಳಿಗೂ ಮುಚ್ಚಳ ಇರಲಿ.

ಎತ್ತಿದ ಮೇಲೆ

ಮಗುವನ್ನು ತಲೆಕೆಳಗು ಹಿಡಿಯುವುದು, ಹೊಟ್ಟೆ ಒತ್ತುವುದು, ಉಪ್ಪಿನಲ್ಲಿ ಹೂಳುವುದು ಬೇಡ. 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮುಳುಗಿದ ಇಬ್ಬರು ಬಾಲಕರನ್ನು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಜೀವ ಬರಲಿಲ್ಲ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು 5 ಸಲ ಗಾಳಿ ಊದಿ. ನಂತರ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ. ಸಹಾಯ ಬರುವವರೆಗೆ ಇದನ್ನೇ ಮುಂದುವರಿಸಿ. ಜೊತೆಯಲ್ಲಿದ್ದವರು ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಲಿ. ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ತೋರಿಸಲೇಬೇಕು.