ಟೋಕಿಯೊ–ಹೊನೊಲುಲು: ದೂರ ಅದೇ, ವೇಳೆ ಬೇರೆ

ಟೋಕಿಯೊದಿಂದ ಹವಾಯಿ ದ್ವೀಪಗಳ ಹೊನೊಲುಲುವಿಗೆ ಆಕಾಶಮಾರ್ಗದಲ್ಲಿ ಸುಮಾರು 6,200 ಕಿ.ಮೀ. ಪೂರ್ವಕ್ಕೆ ಹೊರಟ ಜೆಟ್ ವಿಮಾನ ಈ ದೂರವನ್ನು ಸುಮಾರು 7 ಗಂಟೆಗಳಲ್ಲಿ ಕ್ರಮಿಸುತ್ತದೆ. ಹಿಂದಿರುಗಲು 8½ರಿಂದ 9 ಗಂಟೆ ಬೇಕು. ಕಾರಣವೇನೆಂದು ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೆ ಸಿಗುವ ಮೊದಲ ಉತ್ತರ: “ಭೂಮಿ ತಿರುಗುತ್ತದಲ್ಲ ಸಾರ್!”

ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ವಿಮಾನದ ಕೆಳಗೆ ನೆಲ ಮಾತ್ರ ಸರಿಯುತ್ತಿದ್ದರೆ ಹೊನೊಲುಲು ಮುಂದೆ ಮುಂದೆ ಓಡಬೇಕಿತ್ತು, ಪೂರ್ವದ ಪಯಣಕ್ಕೇ ಹೆಚ್ಚು ಹೊತ್ತು ಹಿಡಿಯಬೇಕಿತ್ತು. ಆಗುವುದು ತದ್ವಿರುದ್ಧ. ವಾತಾವರಣವೂ ಭೂಮಿಯೊಡನೆ ತಿರುಗುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ನೆಲಕ್ಕೆ ಸಾಪೇಕ್ಷವಾಗಿ ಗಾಳಿಗಿರುವ ವೇಗ.

ಆ ವೇಗವನ್ನು ಮೊದಲು ಕ್ರಮಬದ್ಧವಾಗಿ ಅಳೆದವರಲ್ಲಿ ಜಪಾನಿನ ವಾಸಾಬುರೊ ಓಯಿಶಿ ಪ್ರಮುಖರು. 1920ರಲ್ಲಿ ಆರಂಭವಾದ ತಾತೆನೊ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಅವರು ಚಿಕ್ಕ ಬಲೂನುಗಳನ್ನು ಹಾರಿಬಿಟ್ಟು, ಥಿಯೊಡೊಲೈಟಿನಿಂದ ಅವುಗಳ ಜಾಡು ಹಿಡಿದರು. 1924ರ ಡಿಸೆಂಬರಿನ ಒಂದು ದಿನ, ಸುಮಾರು 9 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 70 ಮೀಟರನ್ನು ಮೀರಿತ್ತು. ಅಂದರೆ ಗಂಟೆಗೆ 250 ಕಿ.ಮೀ.ಗೂ ಹೆಚ್ಚು! ಈ ಫಲಿತಾಂಶಗಳ ವರದಿ 1926ರಲ್ಲಿ ಅಚ್ಚಾಯಿತು. ಭಾಷೆ ಎಸ್ಪೆರಾಂಟೊ. ಇಡೀ ಜಗತ್ತಿಗೆ ತಲುಪಲೆಂದು ಆರಿಸಿಕೊಂಡ ಈ ಕೃತಕ ಭಾಷೆಯನ್ನು ಬಲ್ಲ ಹವಾಮಾನ ವಿಜ್ಞಾನಿಗಳು ಎಷ್ಟು ಮಂದಿ ಇದ್ದಾರು? ಜಪಾನಿನ ಹೊರಗೆ ವರದಿಯನ್ನು ಗಮನಿಸಿದವರು ವಿರಳ.

ಬೆಲೆ ತೆತ್ತದ್ದು ಯುದ್ಧಕಾಲದಲ್ಲಿ. 1944ರ ನವೆಂಬರಿನಲ್ಲಿ ಟೋಕಿಯೊ ಮೇಲೆ ದಾಳಿಗೆ ಬಂದ ಅಮೆರಿಕದ ಬಿ-29 ವಿಮಾನಗಳು ಈ ಗಾಳಿಗೆ ಸಿಕ್ಕವು. ಬಾಂಬುಗಳು ಗುರಿ ತಪ್ಪಿದವು. ಅದೇ ತಿಂಗಳಿನಿಂದ ಜಪಾನ್ ಅದೇ ಗಾಳಿಯಲ್ಲಿ ಬಾಂಬು ಹೊತ್ತ ಸಾವಿರಾರು ಬಲೂನುಗಳನ್ನು ಅಮೆರಿಕದತ್ತ ತೇಲಿಬಿಟ್ಟಿತು. ಜ್ಞಾನ ಒಂದೆಡೆ ಆಯುಧವಾಯಿತು, ಇನ್ನೊಂದೆಡೆ ಅಜ್ಞಾನವೇ ಮುಳುವಾಯಿತು.

ಯುದ್ಧಾನಂತರ ಚಿಕಾಗೊದಲ್ಲಿ ರಾಸ್‌ಬಿ ಮತ್ತು ಸಂಗಡಿಗರು ಈ ‘ಜೆಟ್ ಪ್ರವಾಹ’ವನ್ನು ವಿವರವಾಗಿ ಅಧ್ಯಯನ ಮಾಡಿದರು. ಉಷ್ಣವಲಯದ ಬಿಸಿಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಇರುವ ತಾಪವ್ಯತ್ಯಾಸದಿಂದ ಎತ್ತರದಲ್ಲಿ ಒತ್ತಡದ ಇಳಿಜಾರು ಉಂಟಾಗುತ್ತದೆ. ಧ್ರುವದತ್ತ ಸಾಗುವ ಗಾಳಿಯನ್ನು ಕೊರಿಯೊಲಿಸ್ ಪರಿಣಾಮ ಪೂರ್ವಕ್ಕೆ ತಿರುಗಿಸುತ್ತದೆ. ವಿದ್ಯಾರ್ಥಿಗಳು ಹೇಳುವ ಭೂಭ್ರಮಣಕ್ಕೆ ಪಾತ್ರವಿರುವುದು ಇಲ್ಲಿ, ಹಿಂಬಾಗಿಲಿನಿಂದ!

1952ರ ನವೆಂಬರ್ 18ರಂದು ಪ್ಯಾನ್ ಅಮೆರಿಕನ್ ಸಂಸ್ಥೆಯ ವಿಮಾನವೊಂದು ಟೋಕಿಯೊದಿಂದ ಹೊರಟು 25,000 ಅಡಿ ಎತ್ತರದಲ್ಲಿ ಜೆಟ್ ಪ್ರವಾಹವನ್ನು ಬೇಕೆಂದೇ ಹಿಡಿಯಿತು. ಹೊನೊಲುಲುವಿಗೆ 18 ಗಂಟೆಗಳ ಪಯಣ 11½ ಗಂಟೆಗೆ ಇಳಿಯಿತು.

ಹೋಗುವಾಗ ಉಳಿಸಿದ್ದನ್ನು ಬರುವಾಗ ಕಳೆದುಕೊಂಡರೆ ಲೆಕ್ಕ ಸರಿಹೋಗುವುದಿಲ್ಲವೆ? ಇಲ್ಲ. ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 850 ಕಿ.ಮೀ., ಗಾಳಿಯ ವೇಗ 150 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗಲು 6 ಗಂಟೆ 12 ನಿಮಿಷ, ಬರಲು 8 ಗಂಟೆ 51 ನಿಮಿಷ. ಒಟ್ಟು 15 ಗಂಟೆ 3 ನಿಮಿಷ. ಗಾಳಿಯೇ ಇಲ್ಲದಿದ್ದರೆ 14 ಗಂಟೆ 35 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಕಳೆಯುವುದರಿಂದ ನಷ್ಟವೇ ಅಧಿಕ. ಇದೇ ಕಾರಣಕ್ಕೆ ಮರಳುವ ವಿಮಾನಗಳು ಪ್ರವಾಹದ ನಡುವನ್ನು ತಪ್ಪಿಸಿ, ಕೆಲವೊಮ್ಮೆ ನೂರಾರು ಕಿ.ಮೀ. ಬಳಸಿಕೊಂಡು ಬರುತ್ತವೆ. ಭೂಪಟದಲ್ಲಿ ಉದ್ದವಾಗಿ ಕಾಣುವ ಆ ದಾರಿಯಲ್ಲೇ ಟೋಕಿಯೊ ಬೇಗ ಸಿಗುತ್ತದೆ.